ಕಬಡ್ಡಿ ಪಂದ್ಯಕ್ಕೆ ಇಳಿಯುವ ಮುಂಚೆ ಕೈಕಾಲು ನಡುಗುತ್ತದೆ, ಏನು ಮಾಡಲಿ?

ಆ ನಡುಕ ಉದ್ವೇಗವಾದಾಗ ಮೈಯಲ್ಲಿ ಉಕ್ಕುವ ಹಾರ್ಮೋನ್ ಅಡ್ರಿನಲಿನ್‌ನದ್ದು. ಎದೆ ಡವಗುಟ್ಟುವುದು, ಬಾಯಿ ಒಣಗುವುದು ಎಲ್ಲ ಅದರದ್ದೇ. ಮೈ ಆಟಕ್ಕೆ ತಯಾರಾಗುತ್ತಿದೆ ಅಷ್ಟೆ. ಪೂರ್ತಿ ಹೋಗಲಾಡಿಸಲು ಹೆಣಗಬೇಡಿ, ತುಸು ಇದ್ದರೇ ಚುರುಕು. ವಿಪರೀತವಾದರೆ ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರೆಳೆದು, ಬಾಯಿಂದ ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಎರಡು-ಮೂರು ನಿಮಿಷ ಹೀಗೆ ಮಾಡಿದರೆ ಎದೆಬಡಿತ ಇಳಿಯುತ್ತದೆ.

ಆಮೇಲೆ ಸೋಲು-ಗೆಲುವು ಬಿಟ್ಟು ಮೊದಲ ರೇಡ್ (ಎದುರಾಳಿಗಳ ಅಂಕಣಕ್ಕೆ ನುಗ್ಗುವ ಸರದಿ) ಒಂದನ್ನೇ ಯೋಚಿಸಿ. ಇರುವುದು 30 ಸೆಕೆಂಡ್: ಎಡಕ್ಕೆ ನುಗ್ಗುವುದೋ ಬಲಕ್ಕೋ, ಯಾವ ಮೂಲೆಯವನನ್ನು ಮುಟ್ಟುವುದು. ಕಾರವಾರದ ಮಾಲಾದೇವಿ ಮೈದಾನದಲ್ಲಿ ಸುತ್ತ ಜನ ಬೊಬ್ಬೆ ಹೊಡೆಯುವಾಗ ಇದು ಕಷ್ಟವೇ. ಅದಕ್ಕೇ ಅಭ್ಯಾಸದಲ್ಲೂ ಗೆಳೆಯರಿಂದ ಗಲಾಟೆ ಮಾಡಿಸಿ. ನಮ್ಮ ಕರಾವಳಿಯ ಸೆಕೆಗೆ ನೀರು ಕುಡಿಯುತ್ತಿರಿ. ಚಹಾದ ಮೇಲೆ ಚಹಾ ಮಾತ್ರ ಬೇಡ, ನಡುಕ ಇನ್ನೂ ಜಾಸ್ತಿಯಾದೀತು.