ಧೈರ್ಯ ಹೇಳೋರು ಸಾಕು, ವಿಷಯ ಹೇಳೋರು ಬೇಕು

(ಓದುಗರೊಬ್ಬರ ಪತ್ರ, ಚಿಕ್ಕದು ಮಾಡಿ ಹಾಕಿದೀವಿ: "ಮುಂದಿನ ತಿಂಗಳು ನನಗೆ ಪಿತ್ತಕೋಶದ ಆಪರೇಷನ್. ಲ್ಯಾಪ್ರೋಸ್ಕೋಪಿ, ಅಂದ್ರೆ ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡೋದು, ಸಣ್ಣದು ಅಂತಾರೆ. ನನಗೆ ಮಾತ್ರ ರಾತ್ರಿ ನಿದ್ದೆ ಇಲ್ಲ, ಮಧ್ಯದಲ್ಲಿ ಎಚ್ಚರ ಆಗ್ಬಿಟ್ರೆ ಏನು ಗತಿ ಅಂತ. ಡಾಕ್ಟರ್ ಹತ್ರ ಏನೇನಾಗತ್ತೆ ಅಂತ ಕೇಳಿದ್ರೆ 'ನೀವು ನಿದ್ದೆ ಮಾಡಿ, ಮಿಕ್ಕಿದ್ದು ನಮಗೆ ಬಿಡಿ' ಅಂತ ನಕ್ಕರು. ತಿಳ್ಕೊಂಡಷ್ಟೂ ಜಾಸ್ತಿ ಹೆದರ್ತೀಯ, ಸುಮ್ನಿರು ಅಂತಾನೆ ನಮ್ಮಣ್ಣ. ಇಷ್ಟು ಓದ್ಕೊಂಡೋಳು ಹೀಗೆ ಹೆದರೋದು ನನಗೇ ನಾಚಿಕೆ. ಅಣ್ಣ ಹೇಳೋದು ಸರಿನಾ?" ಹೆಸರು ಹಾಕಬೇಡಿ ಅಂದಿದಾರೆ, ಹಾಕಿಲ್ಲ.)

ನೋಡಿ ಮೇಡಂ, ಈ ಸಲದ ಕಟ್ಟಿನಲ್ಲಿ ನಿಮ್ಮ ಪತ್ರಾನೇ ಬೇಕಂತ ಎತ್ಕೊಂಡಿದೀನಿ, ಯಾಕಂದ್ರೆ ಈ ವಿಷಯ ಬಂದ್ರೆ ನನಗೆ ಬಾಯಿ ಮುಚ್ಕೊಂಡು ಕೂರೋಕೆ ಆಗಲ್ಲ, ನಮ್ಮ ಆಫೀಸಲ್ಲಿ ಎಲ್ಲರಿಗೂ ಇದು ಗೊತ್ತಿರೋದೇ. ಮೊದಲು ನಿಮ್ಮ ಅಣ್ಣನ ಪಾಲಿಂದು ಕೊಟ್ಟುಬಿಡ್ತೀನಿ. ವಿವರ ಕೇಳ್ತಿದ್ದಂಗೆ ಕೈಕಾಲು ತಣ್ಣಗಾಗೋ ಜನ ನಿಜವಾಗ್ಲೂ ಇದಾರೆ, ಅವರಿಗೆ ಕಣ್ಮುಚ್ಕೊಂಡು ಹೋಗಿ ಬರೋದೇ ವಾಸಿ. ಅಪಾಯ ಬಂದಾಗ ಎಲ್ಲಾನೂ ಕೆದಕಿ ನೋಡೋರು ಒಂದು ಥರ, ಮುಖ ಆ ಕಡೆ ತಿರುಗಿಸ್ಕೊಳ್ಳೋರು ಇನ್ನೊಂದು ಥರ ಅಂತ ಸುಸಾನ್ ಮಿಲ್ಲರ್ ಅನ್ನೋ ಮನಶ್ಶಾಸ್ತ್ರಜ್ಞೆ 1980ರ ದಶಕದಲ್ಲೇ ಬರೆದಿದಾರೆ, ಎರಡನೇ ಥರದವರ ಕಿವಿಗೆ ಬಲವಂತವಾಗಿ ವಿವರ ತುರುಕಿದ್ರೆ ಉಪಕಾರಕ್ಕಿಂತ ಅಪಕಾರಾನೇ ಜಾಸ್ತಿ. ಸರಿ, ಅಣ್ಣನ ಲೆಕ್ಕ ಚುಕ್ತಾ. ಆದ್ರೆ ನೀವು ಆ ಥರದವರಲ್ಲ. ಆ ಥರದವರು ಡಾಕ್ಟರನ್ನ ಕೇಳಿ, ಅಣ್ಣನ್ನ ಕೇಳಿ, ಆಮೇಲೆ ಪತ್ರಿಕೆ ಸಂಪಾದಕನಿಗೆ ಪುಟಗಟ್ಟಲೆ ಬರೆಯಲ್ಲ.

ನಾಚಿಕೆ ಅಂತ ಬರೆದಿದೀರಲ್ಲ, ಅದಕ್ಕೆ ಸ್ವಲ್ಪ ಗದರಬೇಕು ನಿಮ್ಮನ್ನ. ಗುರುತು ಪರಿಚಯ ಇಲ್ಲದ ನಾಲ್ಕು ಜನ ಸೇರಿ ನಿಮ್ಮ ಎಚ್ಚರ ತಪ್ಪಿಸಿ ಹೊಟ್ಟೆಗೆ ತೂತು ಹಾಕ್ತಾರೆ, ಅದಕ್ಕೂ ಹೆದರ್ದೆ ಇನ್ಯಾವುದಕ್ಕೆ ಹೆದರ್ತೀರಿ? ಓದಿದೋರಿಗೆ ಹೆದರಿಕೆ ಇರಬಾರದು ಅಂತ ಎಲ್ಲಿದೆ, ಡಾಕ್ಟರುಗಳೇ ಟೇಬಲ್ ಮೇಲೆ ಮಲಗೋ ಸರದಿ ಬಂದಾಗ ಹೇಗಾಡ್ತಾರೆ ಅಂತ ಯಾವ ನರ್ಸನ್ನ ಬೇಕಾದ್ರೂ ಕೇಳಿ. ಅಮೆರಿಕದ ಯೇಲ್ ಯೂನಿವರ್ಸಿಟಿಯ ಇರ್ವಿಂಗ್ ಜಾನಿಸ್ ಆಪರೇಷನ್ ಪೇಷಂಟ್‌ಗಳ ಹೆದರಿಕೆ ಬಗ್ಗೆನೇ 1958ರಲ್ಲಿ ಒಂದು ದಪ್ಪ ಪುಸ್ತಕ ಬರೆದ. ಅವನು ಕಂಡಿದ್ದು, ಮುಂಚೆ ಹದವಾಗಿ ಹೆದರಿದ್ದೋರು ಆಮೇಲೆ ಚೆನ್ನಾಗಿ ತಡ್ಕೊಂಡ್ರು, ಏನೂ ಆಗಲ್ಲ ಅಂತ ನಗ್ತಾ ಹೋದೋರು ನೋವು ಶುರುವಾದ್ಮೇಲೆ ಕಂಡಕಂಡೋರ ಮೇಲೆಲ್ಲ ರೇಗಾಡಿದ್ರು. ಆಮೇಲೆ ಬಂದ ಸಂಶೋಧಕರು ಲೆಕ್ಕ ಅಷ್ಟು ನೀಟಾಗಿ ಕೂರಲ್ಲ, ಮುಂಚೆ ಜಾಸ್ತಿ ಹೆದರಿದೋರಿಗೆ ಆಮೇಲೂ ಜಾಸ್ತೀನೇ ಅಂತ ತಕರಾರು ತೆಗೆದ್ರು, ತೆಗೀಲಿ. ಚಿಂತೆ ಮಾಡೋದೂ ಒಂದು ಕೆಲಸ, ಅದನ್ನ ಮುಂಚೇನೇ ಮಾಡಿ ಮುಗಿಸ್ಕೊಂಡೋರಿಗೆ ಆಮೇಲೆ ಹಗುರ ಅಂತ ಅವನು ಅಂದಿದ್ದು ನನಗೆ ಇವತ್ತಿಗೂ ಸರಿ ಅನ್ಸತ್ತೆ. ಆದ್ರೆ ಕೆಲಸ ಮಾಡೋಕೆ ಸಾಮಾನು ಬೇಕಲ್ಲ, ಆ ಸಾಮಾನನ್ನೇ ನಿಮ್ಮ ಕೈಗೆ ಯಾರೂ ಕೊಡ್ತಿಲ್ಲ.

ಮುಚ್ಚಿಡೋದು ಇವತ್ತಿನ ಚಾಳಿ ಅಲ್ಲ. 1811ರಲ್ಲಿ, ಅಂದ್ರೆ ಅರಿವಳಿಕೆ ಬರೋಕೆ ಇನ್ನೂ 35 ವರ್ಷ ಇರುವಾಗ, ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಗೆ ಪ್ಯಾರಿಸ್‌ನಲ್ಲಿ ಸ್ತನದ ಆಪರೇಷನ್ ಆಯ್ತು. ಮಾಡಿದ್ದು ನೆಪೋಲಿಯನ್ ಸೈನ್ಯದ ಸರ್ಜನ್ ಲಾರೇ, ಸಾಮಾನ್ಯದವನಲ್ಲ. ಮುಂಚೆನೇ ಹೇಳಿದ್ರೆ ಕಾದು ಕಾದು ಹೆದರ್ತಾಳೆ ಅಂತ ದಿನ ಯಾವತ್ತು ಅಂತಾನೇ ಹೇಳಿರಲಿಲ್ಲ, ಆವತ್ತು ಬೆಳಗ್ಗೆ ಚೀಟಿ ಕಳಿಸಿದ್ರು. ಆಕೆ ಆಮೇಲೆ ಅಕ್ಕನಿಗೆ ಉದ್ದಕ್ಕೆ ಒಂದು ಕಾಗದ ಬರೀತಾಳೆ, ಅದರಲ್ಲಿ ನೋವಿನ ವರ್ಣನೆ ಓದೋಕಾಗಲ್ಲ, ಆದ್ರೆ ನನ್ನನ್ನ ನಿಲ್ಲಿಸಿದ್ದು ಬೇರೆ ಜಾಗ. ಕುರ್ಚಿ ಮೇಲೆ ಕೂತ್ರೆ ಸಾಕು ಅಂತ ಆಕೆಗೆ ಮಾತು ಕೊಟ್ಟಿದ್ರು. ಕಪ್ಪು ಬಟ್ಟೆ ಹಾಕಿದ ಏಳು ಜನ ಗಂಡಸರು ಹೇಳದೆ ಕೇಳದೆ ರೂಮಿಗೆ ನುಗ್ಗಿ, ನಡುಮಧ್ಯ ಮಂಚ ಹಾಕಿ ಅಂದ್ರು. ಆಕೆ ತಿರುಗಿ ಲಾರೇ ಮುಖ ನೋಡಿದ್ಲು, ಅವನು ತಲೆ ತಗ್ಗಿಸಿದ. ಕತ್ತಿ ಇನ್ನೂ ಮುಟ್ಟೇ ಇಲ್ಲ, ಆಗಲೇ ಆಕೆಗೆ ಅಲ್ಲಿಂದ ಓಡಿಹೋಗೋ ಹಂಗಾಗಿತ್ತು. ಕುರ್ಚಿ ಅಂದಿದ್ದು ಮಂಚ ಆಗಿದ್ದಕ್ಕೆ. ಮಂಚ ಅಂತ ಹಿಂದಿನ ದಿನ ಹೇಳಿದ್ರೆ ಅವರ ಗಂಟೇನು ಹೋಗ್ತಿತ್ತು?

ಇದು ನನ್ನ ಭಾವನೆ ಅಷ್ಟೇ ಅಂತ ನಿಮ್ಮಣ್ಣ ಅನ್ನಬಾರದಲ್ಲ, ಅದಕ್ಕೆ 1964ಕ್ಕೆ ಬನ್ನಿ. ಬಾಸ್ಟನ್‌ನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೇಲಿ ಲಾರೆನ್ಸ್ ಎಗ್ಬರ್ಟ್ ಅನ್ನೋ ಅನಸ್ತೀಷಿಯಾ ಡಾಕ್ಟರ್ ಹೊಟ್ಟೆ ಆಪರೇಷನ್‌ಗೆ ಬಂದ 97 ಜನರನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಎಂದಿನ ಹಾಗೆ. ಇನ್ನೊಂದು ಗುಂಪಿನವರ ಹತ್ರ ಹೋಗಿ ಕೂತು, ನೋವು ಇಲ್ಲಿ ಬರತ್ತೆ, ಇಷ್ಟು ಇರತ್ತೆ, ಇಷ್ಟು ದಿನ ಇರತ್ತೆ, ಅದು ಗಾಯದ ಕೆಳಗಿನ ಮಾಂಸಖಂಡ ಬಿಗಿಯೋದ್ರಿಂದ ಬರೋದು, ಮಗ್ಗುಲಾಗುವಾಗ ಹೀಗೆ ಮಾಡಿ, ಹೀಗೆ ಸಡಿಲ ಬಿಡಿ ಅಂತ ಬಿಡಿಸಿ ಹೇಳಿದ್ರು. ಅಷ್ಟೇ, ಹೊಸ ಔಷಧಿ ಏನಿಲ್ಲ. ಆ ಗುಂಪಿನವರಿಗೆ ಆಪರೇಷನ್ ಆದ್ಮೇಲೆ ಬೇಕಾದ ನೋವಿನ ಮದ್ದು ಸುಮಾರು ಅರ್ಧ. ಯಾರು ಯಾವ ಗುಂಪು ಅಂತ ಗೊತ್ತಿಲ್ಲದ ಸರ್ಜನ್‌ಗಳು ಅವರನ್ನ ಸರಾಸರಿ 2.7 ದಿನ ಮುಂಚೆ ಮನೆಗೆ ಕಳಿಸಿದ್ರು. ಅದಕ್ಕೆ ಒಂದು ವರ್ಷ ಮುಂಚೆ ಇದೇ ಮನುಷ್ಯ, ಹಿಂದಿನ ದಿನ ಅನಸ್ತೀಷಿಯಾ ಡಾಕ್ಟರ್ ಬಂದು ಮಾತಾಡಿಸಿ ಹೋದೋರು, ಬರೀ ನಿದ್ದೆ ಮದ್ದು ತಗೊಂಡೋರಿಗಿಂತ ಶಾಂತವಾಗಿದ್ರು ಅಂತ ತೋರಿಸಿದ್ದ. ಇನ್ನು ಜೀನ್ ಜಾನ್ಸನ್ ಅನ್ನೋ ನರ್ಸಿಂಗ್ ಸಂಶೋಧಕಿ 1975ರಲ್ಲಿ ಮಕ್ಕಳ ಪ್ಲಾಸ್ಟರ್ ಬಿಚ್ಚೋ ಮುಂಚೆ ಆ ಗರಗಸದ ಸದ್ದನ್ನ ಟೇಪಲ್ಲಿ ಕೇಳಿಸಿ, ಬಿಸಿ ಆಗತ್ತೆ, ಜುಮ್ ಅನ್ನತ್ತೆ, ಧೂಳು ಹಾರತ್ತೆ ಅಂತ ಹೇಳಿಟ್ಟಿದ್ಲು, ಆ ಮಕ್ಕಳ ರಂಪ ಕಮ್ಮಿ ಆಯ್ತು. ಅಂದ್ರೆ ಡಾಕ್ಟರ್ ಏನು ಮಾಡ್ತಾರೆ ಅನ್ನೋದಕ್ಕಿಂತ ನನ್ನ ಮೈಗೆ ಏನನ್ಸತ್ತೆ ಅನ್ನೋದನ್ನ ಹೇಳಬೇಕು, ಯಾರೂ ಹೇಳದೇ ಇರೋದೂ ಅದನ್ನೇ.

ಹಾಗಾಗಿ ನಾನು ಹೇಳ್ತೀನಿ, ನಾನು ಡಾಕ್ಟರ್ ಅಲ್ಲ, ನಿಮ್ಮ ವಿಷಯದಲ್ಲಿ ನಿಮ್ಮ ಡಾಕ್ಟರ್ ಹೇಳಿದ್ದೇ ನಡೀಬೇಕು, ಆದ್ರೂ ಹೇಳ್ತೀನಿ. ಹೊಟ್ಟೆ ಖಾಲಿ ಇರಬೇಕು ಅಂತಾರೆ, ಯಾಕಂದ್ರೆ ಎಚ್ಚರ ತಪ್ಪಿದಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗೋ ಅಪಾಯ. ಆದ್ರೆ ರಾತ್ರಿ ಹನ್ನೆರಡರಿಂದ ಒಂದು ಹನಿ ನೀರೂ ಇಲ್ಲ ಅನ್ನೋದು ಹಳೇ ಕಟ್ಟಳೆ. ಬೇರೆ ತೊಂದರೆ ಇಲ್ಲದವರು ಎರಡು ಗಂಟೆ ಮುಂಚಿನವರೆಗೂ ಬರೀ ನೀರು ಕುಡೀಬಹುದು, ಹಗುರ ಊಟ ಆದ್ರೆ ಆರು ಗಂಟೆ ಮುಂಚೆ ಅಂತ ಅನಸ್ತೀಷಿಯಾದವರ ಮಾರ್ಗಸೂಚಿಗಳೇ ಹೇಳ್ತವೆ. ಕೇಳಿ ತಿಳ್ಕೊಳ್ಳಿ, ಬಾಯಿ ಒಣಗಿಸ್ಕೊಂಡು ಕೂತ್ರೆ ಅರ್ಧ ಹೆದರಿಕೆ ಅದರಿಂದಾನೇ. ನೀವು ತಗೊಳ್ತಿರೋ ಮಾತ್ರೆ ಎಲ್ಲಾ, ಅಂಗಡಿಯಿಂದ ನೀವೇ ತಂದ ಗಿಡಮೂಲಿಕೆ ಪುಡಿನೂ ಸೇರಿಸಿ, ಬರೆದಿಟ್ಕೊಳ್ಳಿ. ಆವತ್ತು ಬಂದೋರೆಲ್ಲ ನಿಮ್ಮ ಹೆಸರೇನು, ಯಾವ ಆಪರೇಷನ್, ಏನಾದ್ರೂ ಅಲರ್ಜಿ ಇದೆಯಾ ಅಂತ ಮತ್ತೆ ಮತ್ತೆ ಕೇಳ್ತಾರೆ, ಇವರಿಗೆ ನಾನ್ಯಾರು ಅಂತಾನೇ ಗೊತ್ತಿಲ್ವಾ ಅಂತ ಗಾಬರಿ ಬೀಳಬೇಡಿ, ಕೇಳದೇ ಇದ್ರೆ ಗಾಬರಿ ಬೀಳಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಒಂದು ಪುಟದ ಚೆಕ್‌ಲಿಸ್ಟ್ ತಂತು, ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನ ಬಳಸಿ ನೋಡಿದಾಗ ಆಪರೇಷನ್ ನಂತರದ ಸಾವು 1.5 ಪರ್ಸೆಂಟ್‌ನಿಂದ 0.8ಕ್ಕೆ ಇಳೀತು, ಆ ಪುಟದ ಮೊದಲ ಪ್ರಶ್ನೆನೇ ಪೇಷಂಟ್ ಯಾರು ಅನ್ನೋದು.

ಓಟಿ ಚಳಿ ಇರತ್ತೆ, ಹೊದಿಯೋಕೆ ಕೇಳಿ, ಕೊಡ್ತಾರೆ. ಬೆರಳಿಗೊಂದು ಕ್ಲಿಪ್, ಎದೆಗೆ ಅಂಟು, ತೋಳಿಗೆ ಬಿಪಿ ಪಟ್ಟಿ, ಬೀಪ್ ಬೀಪ್ ಸದ್ದು, ಅದು ನಿಮ್ಮದೇ ನಾಡಿ. ಮುಖದ ಮೇಲೆ ಮಾಸ್ಕ್ ಇಟ್ರೆ ಅದು ಸಾಮಾನ್ಯವಾಗಿ ಬರೀ ಆಕ್ಸಿಜನ್. ಬಿಳೀ ಬಣ್ಣದ ಇಂಜೆಕ್ಷನ್ ಡ್ರಿಪ್‌ನಲ್ಲಿ ಬಿಟ್ಟಾಗ ಕೈ ಉರಿಬಹುದು, ಏನೋ ಎಡವಟ್ಟಾಯ್ತು ಅನ್ಕೋಬೇಡಿ, ಆ ಮದ್ದಿನ ಗುಣವೇ ಅದು, ಉರಿ ಅಂತ ಹೇಳಿ ಮುಗಿಸೋದ್ರೊಳಗೆ ನಿಮಗೆ ಎಚ್ಚರ ಇರಲ್ಲ. ಎದ್ದಾಗ ಗಂಟಲು ಕೆರೆತ, ಟ್ಯೂಬ್ ಹಾಕಿರ್ತಾರೆ ಅದಕ್ಕೆ. ಹಲ್ಲು ಕಟಕಟ ಅನ್ನೋ ನಡುಕ ಬರಬಹುದು, ವಾಕರಿಕೆ ಬರಬಹುದು, ಅದಕ್ಕೆ ಮದ್ದಿದೆ, ಹಿಂದೆ ಹಂಗಾಗಿದ್ರೆ ಮುಂಚೇನೇ ಹೇಳಿ. ಇನ್ನು ಯಾರೂ ಹೇಳದೇ ಇರೋದು, ಹೊಟ್ಟೇಲಿ ಆಪರೇಷನ್ ಆಗಿದ್ರೂ ನೋವು ಭುಜದಲ್ಲಿ ಬರಬಹುದು! ಒಳಗೆ ಜಾಗ ಮಾಡೋಕೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬಿಸ್ತಾರೆ, ಅದು ವಪೆಯನ್ನ, ಅಂದ್ರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನ, ಕೆಣಕತ್ತೆ, ವಪೆಯ ನರದ ಮೂಲ ಕುತ್ತಿಗೇಲಿದೆ, ಹಾಗಾಗಿ ನೋವು ಭುಜದ್ದು ಅನ್ಸತ್ತೆ. ಒಂದೆರಡು ದಿನದಲ್ಲಿ ಇಳಿಯತ್ತೆ, ಎದ್ದು ಓಡಾಡಿದ್ರೆ ಬೇಗ. ಇದು ಗೊತ್ತಿಲ್ಲದ ನನ್ನ ಗೆಳೆಯರೊಬ್ರು ಹಾರ್ಟ್ ಅಟ್ಯಾಕ್ ಅಂತ ಮಧ್ಯರಾತ್ರಿ ಇಡೀ ವಾರ್ಡ್ ಎಬ್ಬಿಸಿದ್ರು. ಒಂದೇ ಒಂದು ವಾಕ್ಯದ ಮಾತು ಸ್ವಾಮಿ, ಬೆಳಗ್ಗೆ ರೌಂಡ್ಸ್‌ನಲ್ಲಿ ಹೇಳಿದ್ರೆ ಮುಗೀತಿತ್ತು. (ಎದೆ ನೋವು, ಏದುಸಿರು ಅನ್ಸಿದ್ರೆ ಮಾತ್ರ ಗ್ಯಾಸ್ ಇರಬೇಕು ಅಂತ ಸುಮ್ನಿರಬೇಡಿ, ಕರೀರಿ, ವಾರ್ಡ್ ಏಳಲಿ.) ಕೆಲವು ಸಲ ಒಳಗೆ ನೋಡಿದ್ಮೇಲೆ ತೂತು ಸಾಲದೆ ದೊಡ್ಡದಾಗಿ ಕುಯ್ಯಬೇಕಾಗತ್ತೆ, ಅದನ್ನೂ ಈಗಲೇ ಕೇಳಿಟ್ಕೊಳ್ಳಿ, ಎದ್ದಾಗ ಉದ್ದ ಬ್ಯಾಂಡೇಜ್ ನೋಡಿ ಕಂಗಾಲಾಗೋದು ತಪ್ಪತ್ತೆ.

ಮಧ್ಯದಲ್ಲಿ ಎಚ್ಚರ ಆದ್ರೆ ಅಂತ ಕೇಳಿದೀರಿ, ಇದನ್ನ ನೀವು ಅಣ್ಣನ ಹತ್ರನೂ ಬಾಯಿ ಬಿಟ್ಟಿಲ್ಲ ಅಂತ ಕಾಣತ್ತೆ. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ಇದರ ಬಗ್ಗೆ ದೊಡ್ಡ ಸಮೀಕ್ಷೆ ಆಗಿ 2014ರಲ್ಲಿ ವರದಿ ಬಂತು, ಎಚ್ಚರ ಆಗಿತ್ತು ಅಂತ ಪೇಷಂಟ್ ಹೇಳಿದ್ದು ಸುಮಾರು 19,000ಕ್ಕೆ ಒಂದು. ನಾನು ಇಲ್ಲಿಗೇ ನಿಲ್ಲಿಸಬಹುದಿತ್ತು, ಆದ್ರೆ ನಾನೂ ಮುಚ್ಚಿಟ್ರೆ ನನಗೂ ಆ ಲಾರೇಗೂ ಏನು ವ್ಯತ್ಯಾಸ. ಮಾಂಸಖಂಡ ಸಡಿಲ ಮಾಡೋ ಮದ್ದು ಕೊಟ್ಟ ಆಪರೇಷನ್‌ಗಳಲ್ಲಿ ಅದು ಸುಮಾರು 8,000ಕ್ಕೆ ಒಂದು, ನಿಮ್ಮ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಆ ಮದ್ದು ಕೊಡ್ತಾರೆ. ಅದರಲ್ಲೂ ಹೆಚ್ಚಿನವು ಕುಯ್ಯೋ ಹೊತ್ತಿನದ್ದಲ್ಲ, ನಿದ್ದೆಗೆ ಜಾರುವಾಗ ಇಲ್ಲಾ ಏಳುವಾಗಿನವು. ಈಗ ಹೇಳಿ, ಈ ಸಂಖ್ಯೆ ನೋಡಿ ಹೆದರಿಕೆ ಜಾಸ್ತಿ ಆಯ್ತೋ, ರಾತ್ರಿ ಎರಡು ಗಂಟೇಲಿ ನಿಮ್ಮ ತಲೇಲಿ ಓಡ್ತಿದ್ದ ಸಿನಿಮಾಕ್ಕಿಂತ ಇದೇ ಮೇಲೋ?

ನನಗೆ ಹರ್ನಿಯಾ ಆಪರೇಷನ್ ಆದಾಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರು. ನೋವಿರಲ್ಲ ಅಂದಿದ್ರು, ಇರಲೂ ಇಲ್ಲ, ಆದ್ರೆ ಒಳಗೆ ಎಳೆಯೋದು ಒತ್ತೋದು ಗೊತ್ತಾಗತ್ತೆ ಅಂತ ಒಬ್ಬರೂ ಹೇಳಿರಲಿಲ್ಲ, ಮುಗಿದ್ಮೇಲೆ ಗಂಟೆಗಟ್ಟಲೆ ಕಾಲು ಬೇರೆ ಯಾರದ್ದೋ ಥರ ಬಿದ್ದಿರತ್ತೆ ಅಂತನೂ ಇಲ್ಲ. ಉಳಿದ ಆಯಸ್ಸೆಲ್ಲ ವೀಲ್‌ಚೇರ್ ಅಂತ ಲೆಕ್ಕ ಹಾಕ್ಕೊಂಡು ಮಲಗಿದ್ದೆ. ನೆಲ ಒರೆಸೋಕೆ ಬಂದ ಆಯಮ್ಮ ನನ್ನ ಮುಖ ನೋಡಿ "ಎಲ್ರಿಗೂ ಹಂಗೇ ಸಾರ್, ಇನ್ನೊಂದೆರಡು ಗಂಟೆ, ಬಂದ್ಬಿಡತ್ತೆ" ಅಂದ್ರು. ಅಷ್ಟೂ ಡಿಗ್ರಿಗಳ ನಡುವೆ ಆವತ್ತು ನನಗೆ ಚಿಕಿತ್ಸೆ ಕೊಟ್ಟಿದ್ದು ಆಯಮ್ಮ ಅಂತಾನೇ ನಾನು ಹೇಳ್ಕೊಂಡು ತಿರುಗೋದು.

ಇನ್ನು ಆ ಕನ್ಸೆಂಟ್ ಫಾರಂ! ಅದರ ಬಗ್ಗೆ ಬರೆಯೋಕೆ ಹೊರಟ್ರೆ ಈ ಸಂಚಿಕೆ ಸಾಲಲ್ಲ. ಸ್ಟ್ರೆಚರ್ ಮೇಲೆ ಮಲಗಿಸಿ, ಕನ್ನಡಕ ತೆಗೆಸಿ, ಆಮೇಲೆ ಇರುವೆ ಸಾಲಿನಂಥ ಅಕ್ಷರದ ಹಾಳೆ ಮುಂದೆ ಹಿಡಿದು ಇಲ್ಲೊಂದು ಸೈನ್ ಹಾಕಿ ಅನ್ನೋದು. ಆಸ್ಪತ್ರೆಗಳು ಅದನ್ನ ತಮ್ಮ ರಕ್ಷಣೆಗೆ ಅಂತ ಅನ್ಕೊಂಡಿವೆ. ಸ್ಕಾಟ್ಲೆಂಡ್‌ನಲ್ಲಿ ಸಕ್ಕರೆ ಕಾಯಿಲೆ ಇದ್ದ ಒಬ್ಬ ಬಸುರಿಗೆ ಹೆರಿಗೇಲಿ ಮಗುವಿನ ಭುಜ ಸಿಕ್ಕಿಹಾಕ್ಕೊಳ್ಳೋ ಅಪಾಯ 9ರಿಂದ 10 ಪರ್ಸೆಂಟ್ ಇತ್ತು, ಹೇಳಿದ್ರೆ ಸಿಸೇರಿಯನ್ ಕೇಳ್ತಾರೆ ಅಂತ ಡಾಕ್ಟರ್ ಹೇಳಲಿಲ್ಲ, 1999ರಲ್ಲಿ ಆ ಅಪಾಯವೇ ಆಯ್ತು, ಮಗು ಅಂಗವಿಕಲ ಆಯ್ತು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಏನಂತು ಗೊತ್ತಾ, ಆ ಪೇಷಂಟಿನ ಜಾಗದಲ್ಲಿರೋರಿಗೆ ಯಾವುದು ಮುಖ್ಯ ಅನ್ಸತ್ತೋ ಅದನ್ನ ಹೇಳಬೇಕು, ಡಾಕ್ಟರಿಗೆ ಏನು ಮುಖ್ಯ ಅನ್ಸಿತು ಅನ್ನೋದಲ್ಲ ಅಳತೆ, ಬರೀ ಸೈನ್ ಹಾಕಿಸ್ಕೊಂಡ್ರೆ ಕರ್ತವ್ಯ ಮುಗೀಲಿಲ್ಲ. ಡಾಕ್ಟರಿಗೆ ಟೈಮ್ ಇಲ್ಲ ಅಂತೀರಾ, ನಿಜ ಇರಬಹುದು, ಹೊರಗೆ ನೂರು ಜನ ಕಾಯ್ತಿರ್ತಾರೆ. ಎಗ್ಬರ್ಟ್ ಆಸ್ಪತ್ರೇಲಿ 2.7 ದಿನದ ಬೆಡ್ ಉಳೀತಲ್ಲ, ಅದು ಟೈಮ್ ಅಲ್ವಾ? ಇನ್ನು ನೆಂಟರು. ಪೇಷಂಟಿನ ರಿಪೋರ್ಟ್ ಪೇಷಂಟ್ ಒಬ್ಬರನ್ನ ಬಿಟ್ಟು ಮಿಕ್ಕೆಲ್ಲರಿಗೂ ಗೊತ್ತಿರತ್ತೆ, ಬಾಗಿಲ ಆಚೆ ಪಿಸಪಿಸ ಮಾತಾಡಿ ಒಳಗೆ ಬಂದು ಹಲ್ಲು ಕಿರೀತಾರೆ, ಆ ನಗು ನೋಡೇ ಪೇಷಂಟಿಗೆ ಬಿಪಿ ಏರತ್ತೆ. ಪಾಸಿಟಿವ್ ಆಗಿರಿ ಅಂತ ಮೆಸೇಜ್ ಕಳಿಸೋರನ್ನಂತೂ ಓಟಿ ಫ್ಲೋರಿಗೇ ಬಿಡಬಾರದು.

ಕೊನೇಗೆ ನಿಮ್ಮ ಮೇಲೂ ಒಂದು ದೂರಿದೆ. ನನಗೆ ಬರೆದ ಪ್ರಶ್ನೆ ಎಲ್ಲಾ ಎಷ್ಟು ನೀಟಾಗಿದೆ ಮೇಡಂ, ಅದೇ ಕಾಗದಾನ ಡಾಕ್ಟರ್ ಕೈಗೆ ಯಾಕೆ ಕೊಡಲಿಲ್ಲ? ಅವರು ನಕ್ಕಿದ್ದಕ್ಕೆ ನೀವು ಎದ್ದು ಬಂದ್ರಿ. ಮತ್ತೆ ಹೋಗಿ, ಸರ್ಜನ್ ಸಿಗದಿದ್ರೆ ಅನಸ್ತೀಷಿಯಾ ಡಾಕ್ಟರನ್ನ ಮುಂಚೇನೇ ನೋಡಬೇಕು ಅಂತ ಹಠ ಹಿಡೀರಿ, ಹೆದರಿಕೆ ಇದೆ ಅಂತ ಬಾಯಿಬಿಟ್ಟು ಹೇಳಿ, ಅದಕ್ಕೂ ಅವರ ಹತ್ರ ಮದ್ದಿರತ್ತೆ. ಫಾರಂ ಹಿಂದಿನ ದಿನಾನೇ ಇಸ್ಕೊಂಡು ಕನ್ನಡಕ ಹಾಕ್ಕೊಂಡು ಓದಿ. ಅಣ್ಣನ್ನೂ ಕರ್ಕೊಂಡು ಹೋಗಿ, ಡಾಕ್ಟರ್ ಹೇಳೋದನ್ನ ಬರ್ಕೊಳ್ಳೋಕೆ ಒಬ್ಬರು ಬೇಕು, ಗಾಬರೀಲಿ ನಿಮಗೆ ಅರ್ಧ ಮರೆತೋಗತ್ತೆ, ಅವರಿಗೂ ಬಾಯಿ ಬದಲು ಕೈಗೆ ಕೆಲಸ ಸಿಗತ್ತೆ. ಆಪರೇಷನ್ ಆಗಿ ಸುಧಾರಿಸ್ಕೊಂಡ್ಮೇಲೆ ಒಂದು ಕಾಗದ ಹಾಕಿ, ಭುಜ ನೋವು ಬಂತಾ ಇಲ್ವಾ ಅಂತ ನನಗೂ ಗೊತ್ತಾಗಲಿ.

– ಸಂ.