ಸ್ವಯಂಸೇವಕರಿಂದ ಸೇವಾಸಂಸ್ಥೆಗಳಿಗೆ ನಿಜವಾಗಿ ಆಗುವ ಲಾಭವೇನು?

ಸಂಬಳದ ಖರ್ಚು ಉಳಿಯುತ್ತದೆ ಎಂಬುದು ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ. ನನ್ನ ದೃಷ್ಟಿಯಲ್ಲಿ ಅದು ಚಿಕ್ಕ ಲಾಭ. 1990ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಿತ್ರ ಜ್ಯೋತಿಯಂಥ ಸಂಸ್ಥೆಗಳಲ್ಲಿ ಅಂಧ ವಿದ್ಯಾರ್ಥಿಗಳಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಲು ಸ್ವಯಂಸೇವಕರು ಬರುತ್ತಾರೆ. ಅರ್ಥಶಾಸ್ತ್ರದ ಪಠ್ಯದಲ್ಲಿ ಬೇಡಿಕೆಯ ರೇಖಾಚಿತ್ರ ಬಂದಾಗ, ಬೆಲೆ ಏರಿದಂತೆ ರೇಖೆ ಎತ್ತ ಸಾಗುತ್ತದೆಂದು ಮಾತಿನಲ್ಲೇ ಬಿಡಿಸಿ ಹೇಳಲು ವಿಷಯ ಬಲ್ಲವರೇ ಬೇಕು. ನಿವೃತ್ತ ಅಧ್ಯಾಪಕರೊಬ್ಬರು ವಾರಕ್ಕೆ ಎರಡು ಗಂಟೆ ಕುಳಿತರೆ ದೊರೆಯುವ ಆ ತಿಳಿವಳಿಕೆಯನ್ನು, ಸಣ್ಣ ಸಂಸ್ಥೆಯೊಂದು ಪ್ರತಿಯೊಂದು ವಿಷಯಕ್ಕೂ ಸಂಬಳ ಕೊಟ್ಟು ಹೊಂದಿಸಿಕೊಳ್ಳಲಾರದು. ಪರೀಕ್ಷೆಯಲ್ಲಿ ಅಂಧ ವಿದ್ಯಾರ್ಥಿ ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರರಾಗಿ ಕುಳಿತವರು ಆ ಮೂರು ಗಂಟೆಗಳಲ್ಲಿ ಕಂಡದ್ದನ್ನು ಮನೆಯಲ್ಲೂ ಕಚೇರಿಯಲ್ಲೂ ಹೇಳಿಕೊಂಡಾಗ ಹೊಸಬರು ಜೊತೆಗೂಡುತ್ತಾರೆ. ಆದರೆ ಇವರ ತರಬೇತಿ, ವೇಳಾಪಟ್ಟಿ ನೋಡಿಕೊಳ್ಳಲು ಸಂಬಳದ ಮೇಲೆ ಒಬ್ಬರಾದರೂ ಇರಲೇಬೇಕು.