ಪ್ಯಾಕಿಯಾವ್: ಮೊದಲು ಲೆಡ್ವಾಬಾ ಪಂದ್ಯ ನೋಡಿ

ಫಿಲಿಪೀನ್ಸ್‌ನ ಬಾಕ್ಸರ್ ಮ್ಯಾನಿ ಪ್ಯಾಕಿಯಾವ್ ಎಂಟು ತೂಕದ ವರ್ಗಗಳಲ್ಲಿ ಚಾಂಪಿಯನ್ ಆಗಿದ್ದು ನಿಜವಾ, ಮೊದಲು ಯಾವ ಪಂದ್ಯ ನೋಡಬೇಕು ಅಂತ ಕೇಳಿದ್ದೀರಿ. ನಿಜ. 1998ರಲ್ಲಿ ಥಾಯ್ಲೆಂಡಿಗೇ ಹೋಗಿ ಚಾಚಾಯ್ ಸಾಸಾಕುಲ್‌ನನ್ನು ಕೆಡವಿ ಗೆದ್ದ ಮೊದಲ ವಿಶ್ವ ಪಟ್ಟ ಸುಮಾರು 51 ಕೆಜಿ ಮಿತಿಯದ್ದು. 2010ರ ಎಂಟನೆಯದು ಸುಮಾರು 70 ಕೆಜಿ ಮಿತಿಯದ್ದು.

ಮೊದಲು 2001ರಲ್ಲಿ ದಕ್ಷಿಣ ಆಫ್ರಿಕಾದ ಬಾಕ್ಸರ್ ಲೆಡ್ವಾಬಾ ಎದುರು ಆಡಿದ ಪಂದ್ಯ ನೋಡಿ. ಅಮೆರಿಕದಲ್ಲಿ ಆಗ ಪ್ಯಾಕಿಯಾವ್ ಹೆಸರು ಅಷ್ಟಾಗಿ ಯಾರಿಗೂ ಗೊತ್ತಿರಲಿಲ್ಲ. ಎರಡೇ ವಾರ ಮುಂಚೆ ಕರೆ ಬಂದಿತ್ತು. ಆರನೇ ಸುತ್ತಿನಲ್ಲಿ ಮುಗಿಸಿದ! ಎಡಗೈ ಹೊಡೆತ ಹೇಗೆ ನೆಟ್ಟಗೆ ನುಗ್ಗುತ್ತದೆ ಗಮನಿಸಿ. ಆಗ ಅವನಿಗೆ ಜಾಸ್ತಿ ಎಡಗೈಯೇ ಆಧಾರ. ಬಲಗೈಗೂ ಧಾರ ಬಂದದ್ದು ಕೋಚ್ ಫ್ರೆಡ್ಡಿ ರೋಚ್ ಜತೆ ವರ್ಷಗಟ್ಟಲೆ ಬೆವರು ಸುರಿಸಿದ ಮೇಲೆ.

ಆಮೇಲೆ ನೇರವಾಗಿ ಎಂಟನೆಯ ಪಟ್ಟ ತಂದ 2010ರ ಪಂದ್ಯಕ್ಕೆ, ಮಾರ್ಗರಿಟೊ ಎದುರಿನದಕ್ಕೆ ಬನ್ನಿ. ಎದುರಾಳಿ ಎತ್ತರ, ತೂಕ ಎರಡರಲ್ಲೂ ದೊಡ್ಡವನು. ಕೊನೆಕೊನೆಗೆ ಮಾರ್ಗರಿಟೊ ಕಣ್ಣು ಊದಿ ಮುಚ್ಚಿಹೋಗಿತ್ತು. ಪ್ಯಾಕಿಯಾವ್ ಹೊಡೆಯೋದು ಬಿಟ್ಟು ರೆಫರಿ ಕಡೆ ನೋಡುತ್ತಾನೆ, ಇನ್ನು ನಿಲ್ಲಿಸಿ ಅನ್ನೋ ಹಾಗೆ. ನಿಲ್ಲಿಸಲಿಲ್ಲ, ಹನ್ನೆರಡೂ ಸುತ್ತು ನಡೆಯಿತು. ನನಗೆ ಅವನ ಎಲ್ಲ ನಾಕೌಟ್‌ಗಳಿಗಿಂತ ಆ ನೋಟವೇ ಇಷ್ಟ.

2012ರಲ್ಲಿ ಮಾರ್ಕೆಸ್ ಎದುರು ಆಡಿದ ಪಂದ್ಯವನ್ನು ಮಾತ್ರ ಮೊದಲೇ ನೋಡಬೇಡಿ. ಅಲ್ಲಿ ಆರನೇ ಸುತ್ತಿನ ಕೊನೆಗೆ ಮಾರ್ಕೆಸ್‌ನ ಒಂದೇ ಬಲಗೈ ಏಟಿಗೆ ಪ್ಯಾಕಿಯಾವ್ ಮುಖ ಕೆಳಗಾಗಿ ಬಿದ್ದ. ಹಿಂದಿನದೆಲ್ಲ ನೋಡಿದ್ದರೇನೇ ಅದು ಎಷ್ಟು ಸಂಕಟ ಕೊಡುತ್ತದೆ ಅಂತ ಗೊತ್ತಾಗೋದು.